ಮ್ಯೂಸಿಯಂ ದಾರಿ

ಚಹಾದಂಗಡಿಯ ಮುಂದೆ ಕೂತಿದ್ದ ಗುರುಸಿದ್ದಪ್ಪನವರ ಬಳಿಗೆ ವಿದೇಶಿ ಹೆಣ್ಣುಮಗಳೊಬ್ಬಳು ಏದುಸಿರು ಬಿಡುತ್ತ ಬಂದಳು. ತಾನು ಕಲಿತ ಕನ್ನಡದಲ್ಲೇ ಕೇಳಿದಳು: "ಮ್ಯೂಸಿಯಂ ಎಲ್ಲಿದೆ? ಐದಕ್ಕೆ ಮುಚ್ಚುತ್ತಾರೆ. ನಾಳೆ ನಾನು ನನ್ನ ದೇಶಕ್ಕೆ ಹೊರಡುತ್ತೇನೆ."

ಗುರುಸಿದ್ದಪ್ಪನವರು ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದರು. "ಹೀಂಗ ಸೀದಾ ಹೋಗಿ, ಬೇವಿನ ಗಿಡದ ಹತ್ರ ಬಲಕ್ಕ ಹೊಳ್ರಿ."

"ನಿಮ್ಮ ಜನ ಬಹಳ ಒಳ್ಳೆಯವರು. ಬೆಳಗಿನಿಂದ ಎಲ್ಲರೂ ಕೆಲಸ ಬಿಟ್ಟು ದಾರಿ ತೋರಿಸಿದರು. ಒಬ್ಬರೂ ಗೊತ್ತಿಲ್ಲ ಅನ್ನಲಿಲ್ಲ."

ಅವರ ಎದೆ ಉಬ್ಬಿತು. "ಕೇಳಿದವ್ರಿಗೆ ಗೊತ್ತಿಲ್ಲ ಅನ್ನೂದು ನಮ್ಮ ರಕ್ತದಾಗ ಇಲ್ರಿ ತಂಗಿ."

ಅವಳು ಕೈಮುಗಿದು ಬೇವಿನ ಮರದತ್ತ ಓಡಿದಳು. ಮರೆಯಾಗುವವರೆಗೂ ಕೈಬೀಸಿದ ಗುರುಸಿದ್ದಪ್ಪನವರು ಅಂಗಡಿಯವನತ್ತ ತಿರುಗಿದರು.

"ಅಲ್ಲೋ, ನಮ್ಮೂರಾಗ ಮ್ಯೂಸಿಯಂ ಯಾವಾಗ ಆತೋ?"