ಕುಬಸದ ದಿನ

"ಧರ್ಮ ಬಿಟ್ಟಾಕಿಗೆ ಎಂಥಾ ಕುಬಸ?" ಮಕ್ತಲದ ಮನೆಯ ಪಡಸಾಲೆಯಲ್ಲಿ ಸೋದರಮಾವ ಕರಿಬಸಯ್ಯ ಗುಡುಗಿದಾಗ, ಸೀಮಂತದ ಮಣೆಯ ಮೇಲಿದ್ದ ಏಳು ತಿಂಗಳ ಬಸುರಿ ಶೈಲಜಾ ಏಳಹೋದಳು. ಕ್ರೈಸ್ತಳಾದ ಮೇಲೆ ಅವಳು ತವರಿಗೆ ಬಂದದ್ದು ಇದೇ ಮೊದಲು.

ತಾಯಿ ವೀರಬಸಮ್ಮ ಭುಜ ಹಿಡಿದು ಕೂಡಿಸಿದಳು. "ಅಣ್ಣಾ, ಯಾರ ಜಬರ್ದಸ್ತಿನೂ ಇಲ್ಲಂತ ನಾನೇ ಕೇಳಿ ತಿಳಕೊಂಡೀನಿ. ನಾ ಲಿಂಗ ಮನಸಾರೆ ಕಟ್ಟೀನಿ, ಆಕಿ ಶಿಲುಬೆ ಮನಸಾರೆ ಹಾಕ್ಯಾಳ. ಅದಕ್ಕ ನಮ್ಮ ಅಪ್ಪಣೆ ಯಾಕ ಬೇಕು?"

ಕರಿಬಸಯ್ಯ ಹಿಂದೆ ಸರಿದು ಗೋಡೆಗೊರಗಿ ಕೂತ. ಅಕ್ಕಿ, ಕೊಬ್ಬರಿ, ಖಣ ಶೈಲಜಾಳ ಉಡಿ ತುಂಬಿದವು. ಕುಂಕುಮ ಹಚ್ಚಲು ಬಂದ ತಾಯಿಯ ಬೆರಳು ಮಾತ್ರ ಹಣೆಯ ಹತ್ತಿರ ತಡೆದು ನಿಂತಿತು.

"ಹಚ್ಚಲೇನವ್ವ?"

"ಬ್ಯಾಡವ್ವ," ಎಂದಳು ಶೈಲಜಾ, ಅಳುಕುತ್ತ.

ವೀರಬಸಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮಗಳ ಬರಿಯ ಹಣೆಗೆ ಮುತ್ತಿಟ್ಟಳು. ಶೈಲಜಾ ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.