ಯಮನಪ್ಪನ ಬಳ್ಳಿ

ಮಣ್ಣಿಗೆ ಸತ್ವ ಕೊಡುತ್ತದೆಂದು ಹೊರದೇಶದಿಂದ ತಂದ, ಅವರೆ ಜಾತಿಯ ಮೂರೆಲೆಯ ಬಳ್ಳಿ ಧಾರವಾಡ ಸೀಮೆಯನ್ನೆಲ್ಲ ತುಂಬಿದ ಮೇಲೆ, ರಾತ್ರಿಯಲ್ಲೇ ಬಾಗಿಲು ಮುಚ್ಚುವ ಬಳ್ಳಿಯನ್ನು ಬೆಳಿಗ್ಗೆ ಕೊಯ್ದು ಹೊರಬರುವುದು ಮುಖ ತೊಳೆದಷ್ಟೇ ಸಹಜವಾಗಿತ್ತು. ಬಾಳವ್ವ ತನ್ನ ಅಂಗಳದಲ್ಲಿದ್ದ ಬಳ್ಳಿಯ ಬೇರುಗಡ್ಡೆಗಳನ್ನು ಎಂದೋ ಅಗೆದು ಹಾಕಿದ್ದಳು. ಆದರೆ ಪಕ್ಕದ ಮನೆಯಲ್ಲಿ ಒಬ್ಬನೇ ಇದ್ದ ಯಮನಪ್ಪ ಎಮ್ಮೆಗಳ ಮೇವಿಗೆಂದು ಬಿಟ್ಟುಕೊಂಡ ಬುಡದಿಂದ ಬಳ್ಳಿ ಗೋಡೆ ಹತ್ತಿ ಬರುತ್ತಿತ್ತು. ಗೆಣ್ಣು ಮಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುತ್ತಿತ್ತು. ಅವಳ ನಿಂಬೆ ಗಿಡ ಅದರಡಿ ಬಿಸಿಲು ಕಾಣದೆ ಸತ್ತಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಯಮನಪ್ಪ ಜ್ವರ ಬಂದು ಮಲಗಿದ. ಕೊಯ್ಯುವವರಿಲ್ಲದೆ ಬಳ್ಳಿ ಅವನ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿತು.

"ಬಾಳಕ್ಕ, ಉಸರ ಕಟ್ಟಾಕತ್ತೈತಿ. ಕುಡಗೋಲು ಎಮ್ಮಿ ಹಟ್ಟಿಯಾಗ ಉಳದೈತಿ. ಬಾಗಲಾ ಬಿಡಸು," ಎಂದು ಒಳಗಿಂದ ಕೂಗಿದ.

ಬಾಳವ್ವ ತಂಬಿಗೆ ಹಿಡಿಸುವಷ್ಟು ಕಂಡಿ ಕೊಯ್ದು ನೀರು ಕೊಟ್ಟಳು.

"ಬಿಡಸಿದ್ರ ಗಡ್ಡಿ ಅಗೀತೀಯೇನು?"

"ಎಮ್ಮಿ ಏನ ತಿನ್ನಬೇಕು?"

ಸಾಯುವ ಹೊತ್ತಿಗೂ ಅದೇ ಮಾತೆಂದು ಅವಳ ಮೈ ಉರಿಯಿತು. ತನ್ನ ಕುಡಗೋಲನ್ನು ಕಂಡಿಯೊಳಗೆ ಎಸೆದಳು.

"ನೀನ ಕೊಯ್ಕೊಂಡು ಬಾ."

ಅವನು ತೆವಳಿಕೊಂಡು ಹೊರಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಬಾಳವ್ವ ಅವನದೇ ಗುದ್ದಲಿಯಿಂದ ತೊಡೆ ಗಾತ್ರದ ಕೊನೆಯ ಗಡ್ಡೆಯನ್ನೂ ಕಿತ್ತು ಬಿಸಿಲಿಗೆ ಹಾಕಿದ್ದಳು. ಯಮನಪ್ಪ ಕುಡಗೋಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಎದ್ದು ಅವಳತ್ತ ನಡೆದ.

ಅವಳು ಹಿಂದೆ ಸರಿಯದೆ ಕೈ ಚಾಚಿದಳು.

"ಕೊಡು ಇಲ್ಲೆ. ಅಲ್ಲಿ ಗೆಣ್ಣಿಗೆ ಬೇರು ಬಿಟ್ಟ ಬಳ್ಳಿ ನನ್ನ ಬಾಗಲಾ ಮುಚ್ಚಾಕತ್ತೈತಿ."