ಗೋಡೆಯಾಚೆಯ ತಂಬೂರಿ

ಸ್ಟೀರಿಯೊದ ಗುಂಡಿ ತಿರುಗಿಸಿ ಧ್ವನಿಯ ವೇದಿಕೆಯನ್ನು ಅಗಲ ಮಾಡಿದರೆ ಪಕ್ಕವಾದ್ಯದವರು ಗೋಡೆ ದಾಟಿ ನೆರೆಮನೆಯಲ್ಲಿ ಕೂರುವುದು ಎಲ್ಲರಿಗೂ ಗೊತ್ತಿದ್ದ ತೊಂದರೆ. ಹಾಗಾಗಿ ಸಂಜೆ ಬಾಗಿಲು ತಟ್ಟಿದ್ದು ಪಕ್ಕದ ಮನೆಯ ಮಂಗಳಮ್ಮನೇ ಎಂದು ಕುಮುದಾಗೆ ನೋಡದೆಯೇ ತಿಳಿಯಿತು.

"ನಿಮ್ಮ ತಂಬೂರಿ ಮತ್ತೆ ನಮ್ಮ ಅಡುಗೆಮನೇಲಿ ಕೂತಿದೆ ಕಣ್ರೀ. ಕುಕ್ಕರ್ ಕೂಗಿದ್ದೂ ಕೇಳಿಸ್ಲಿಲ್ಲ, ಬೇಳೆ ಸೀದುಹೋಯ್ತು."

"ಕಿರಿದು ಮಾಡ್ತೀನಿ ಬಿಡಿ."

ಕುಮುದಾ ಗುಂಡಿ ತಿರುಗಿಸಿದಳು. ತಂಬೂರಿ ಗೋಡೆಯಿಂದ ಈಚೆಗೆ ಬಂದು ಗಾಯಕರ ದನಿಯ ಹಿಂದೆ ಸರಿಯಿತು, ಆಮೇಲೆ ಕೇಳಿಸಲೇ ಇಲ್ಲ.

"ಯಾರದು ಮೀಟ್ತಿದ್ದಿದ್ದು?"

"ನಮ್ಮನೆಯವರು."

ಶ್ರೀಪತಿ ತೀರಿಕೊಂಡ ಮೇಲೆ ಉಳಿದಿದ್ದುದು ಆ ಒಂದು ಕಛೇರಿಯ ಧ್ವನಿಮುದ್ರಿಕೆ ಮಾತ್ರ. ವೇದಿಕೆ ಕಿರಿದಾದರೆ ಅವನು ಹಾಡಿನಡಿ ಮುಳುಗುತ್ತಾನೆ, ಅಗಲವಾದರೆ ಪಕ್ಕದ ಮನೆಗೆ ಹೋಗುತ್ತಾನೆ. ನಡುವೆ ನಿಲ್ಲಿಸಿದರೆ ಗೋಡೆಯೊಳಗೆ ಸಿಕ್ಕಿ ಮಂಕಾಗುತ್ತಾನೆ. ಗುಂಡಿ ತಿರುಗಿಸಿ ತಿರುಗಿಸಿ ಅವಳಿಗೆ ಸಾಕಾಗಿತ್ತು.

ಮಂಗಳಮ್ಮ ಹೊಸಿಲಲ್ಲೇ ನಿಂತಿದ್ದರು. "ಬದುಕಿದ್ದಾಗ ಕಾಫಿಗೆ ಕರೆದ್ರೂ ಒಳಗೆ ಬಂದವರಲ್ಲ. ಈಗ ನೋಡಿದ್ರೆ ನಮ್ಮ ಗ್ರೈಂಡರ್ ಪಕ್ಕ ಠಿಕಾಣಿ ಹಾಕಿದಾರೆ."

ಕುಮುದಾಗೆ ನಗುವುದಕ್ಕೂ ದಣಿವು.

"ಅಗಲಾನೇ ಮಾಡಿಟ್ಟು ಬನ್ನಿ," ಎಂದರು ಮಂಗಳಮ್ಮ. "ಅಲ್ಲೇ ಕೂತು ಕೇಳಿ. ನಾನು ಆಚೆ ಇರ್ತೀನಿ."

ಬೇರೆಯವರ ಅಡುಗೆಮನೆಯ ನೆಲದ ಮೇಲೆ ಕುಮುದಾ ಕೂತಳು. ಹಾಡು ಗೋಡೆಯಾಚೆ ದೂರದಲ್ಲೆಲ್ಲೋ ಇತ್ತು. ಇಲ್ಲಿ ತಂಬೂರಿಯೊಂದೇ. ಎರಡು ಮೀಟುಗಳ ನಡುವೆ ಅವನು ಉಸಿರೆಳೆದುಕೊಂಡದ್ದು ಕೇಳಿಸಿತು.